ನವಮಿಯ ಎಡೆ

ನಮ್ಮ ಸೋದರಮಾವ ಹನುಮಂತಯ್ಯ ಅರಸೀಕೆರೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ದೇವರಿಗೆ ಕೈ ಮುಗಿಯದ ಮನುಷ್ಯ, ಆದರೂ ಸತ್ತವರ ತಿಥಿ ಕೇಳಲು ಗಂಡಸಿ ಕಡೆಯಿಂದೆಲ್ಲ ಜನ ಬರುವುದು ಇವರ ಹತ್ತಿರವೇ. ಇಂಗ್ಲಿಷ್ ತಾರೀಖು ಹೇಳಿದರೆ ಸಾಕು, ಅಷ್ಟಮಿಯೋ ನವಮಿಯೋ ಹೇಳಿಬಿಡುತ್ತಿದ್ದರು. ಶಾಲೆಗೆ ಕಂಪ್ಯೂಟರ್ ಬಂದಾಗ, ಬೇಸಿಕ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಅದಕ್ಕೆಂದೇ ತಾವೇ ಒಂದು ಪ್ರೋಗ್ರಾಮು ಬರೆದಿದ್ದರು. ಅದರ ಮೇಲಿದ್ದ ಅಕ್ಕರೆ ನಮ್ಮತ್ತೆ ಮೇಲೂ ಇರಲಿಲ್ಲ.

ಆ ಕಂಪ್ಯೂಟರ್ ಕೆಟ್ಟ ಮೇಲೆ ಆ ಪ್ರೋಗ್ರಾಮನ್ನೇ ಸಾಲುಸಾಲಾಗಿ ಮೊಬೈಲಿನ ಬೇಸಿಕ್ ಆ್ಯಪಿಗೆ ಇಳಿಸಿಕೊಂಡರು. ಒಂದು ಸಲ ಪರೀಕ್ಷೆ ಮಾಡಿ ನೋಡಿ ಮಾವ ಅಂದೆ. ಒಂದಕ್ಷರ ಬದಲಾಗಿಲ್ಲ, ಏನು ಪರೀಕ್ಷೆ ಅಂತ ನನ್ನನ್ನೇ ಗದರಿದರು. ಕಾಲೇಜಿನಲ್ಲಿ ಕಂಪ್ಯೂಟರನ್ನೇ ಪಾಠ ಮಾಡುವವಳು ನಾನು, ನನ್ನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ.

ಮಾದಮ್ಮ ಅನ್ನುವವಳು ಮಗನ ತಿಥಿ ಕೇಳಲು ಬಂದದ್ದು ಆಮೇಲೆ. ಅವಳ ಮಗ ಉಮೇಶ ತೊಂಬತ್ತೇಳರಲ್ಲಿ ಕೆರೆಗೆ ಬಿದ್ದು ಹೋದವನು, ಆಗ ಎಂಟು ವರ್ಷ. ತಿಥಿ ನೆನಪಿಟ್ಟುಕೊಂಡಿದ್ದ ಗಂಡನೂ ತೀರಿಕೊಂಡಿದ್ದ. ಆ ದಿನ ಮಗ ಉಣ್ಣಲು ಮನೆಗೆ ಬರುತ್ತಾನೆ, ದಿನ ತಪ್ಪಬಾರದು ಅನ್ನುವುದೊಂದೇ ಅವಳ ಚಿಂತೆ. ಮಾವ ಮೊಬೈಲು ನೋಡಿ ಆಷಾಢ ಬಹುಳ ನವಮಿ ಅಂದರು. ಮೂರು ವರ್ಷ ಅವಳು ನವಮಿಗೇ ಎಡೆ ಇಟ್ಟಳು.

ಹೋದ ತಿಂಗಳು ಅಟ್ಟದ ಮೇಲೆ ಹಳೇ ಕಂಪ್ಯೂಟರಿನ ಪ್ರಿಂಟಿನ ಕಟ್ಟು ನನ್ನ ಕೈಗೆ ಸಿಕ್ಕಿತು. ಮಾದಮ್ಮನ ಗಂಡ ಹಿಂದೆ ಬಂದು ಕೇಳಿಕೊಂಡು ಹೋಗಿದ್ದದ್ದೂ ಅದರಲ್ಲಿತ್ತು. ಅದೇ ಹುಡುಗ, ಅದೇ ತಾರೀಖು, ತಿಥಿ ಮಾತ್ರ ಅಷ್ಟಮಿ. ಆ ವರ್ಷದ ಪಂಚಾಂಗ ಹುಡುಕಿ ನೋಡಿದೆ, ಅಷ್ಟಮಿಯೇ.

ಮಾವನ ಲೆಕ್ಕ ಶುರುವಾಗುವುದು ಎರಡು ಸಾವಿರದ ಇಸವಿಯಿಂದ, ಅದರ ಹಿಂದಿನದೆಲ್ಲ ಮೈನಸ್. ಮೈನಸ್ ಎರಡೂವರೆಯನ್ನು ಪೂರ್ಣಾಂಕ ಮಾಡು ಅಂದರೆ ಹಳೇ ಬೇಸಿಕ್ ಕೆಳಗಿಳಿದು ಮೈನಸ್ ಮೂರು ಅನ್ನುತ್ತಿತ್ತು. ಮೊಬೈಲಿನದು ಅರ್ಧವನ್ನು ಕತ್ತರಿಸಿ ಬಿಸಾಕಿ ಮೈನಸ್ ಎರಡು ಅನ್ನುತ್ತದೆ. ಭಾಷೆ ಅದೇ, ಬರೆದ ಸಾಲೂ ಅದೇ. ಹಳೆಯ ಸಾವುಗಳೆಲ್ಲ ಒಂದೊಂದು ತಿಥಿ ಮುಂದಕ್ಕೆ ಹೋಗಿದ್ದವು.

ನಾನು ಇದನ್ನು ಹೇಳಿದ ಮೇಲೆ ಮಾವ ಎರಡು ದಿನ ಊಟ ಬಿಟ್ಟು, ಮೊಬೈಲು ನೋಡಿ ತಿಥಿ ಹೇಳಿದ್ದ ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಓದುತ್ತ ಕೂತರು. ಕೇಳುವುದಕ್ಕೆ ನನಗೇ ಹೆದರಿಕೆಯಾಗುತ್ತಿತ್ತು. ಮೂರನೇ ದಿನ ಇಬ್ಬರೂ ಮಾದಮ್ಮನ ಮನೆಗೆ ಹೋದೆವು. ನವಮಿಯಲ್ಲಮ್ಮ, ಅದರ ಹಿಂದಿನ ದಿನ, ನನ್ನದೇ ತಪ್ಪು ಅಂದರು ಮಾವ.

ಉಗಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಂಬ ಹಿಡಿದು ಹೊಸ್ತಿಲ ಕಡೆ ನೋಡಿದಳು.

"ಹಿಂದಿನ ದಿನಾನೇ ಬತ್ತಿದ್ದ ಕಣ್ರೀ ಮೇಷ್ಟ್ರೇ, ಮೂರು ವರ್ಷಾನೂ. ಒದ್ದೆ ಚಡ್ಡೀಲಿ ಹೊಸ್ತಿಲ ಹತ್ರ ನಿಂತ್ಕೊಂಡು ಹಸಿವು ಕಣವ್ವ ಅಂತಿದ್ದ. ಇವತ್ತಲ್ಲ ಮಗ, ನಾಳೆ ಬಾ ಅಂತ ನಾನೇ ಬಾಗ್ಲು ಹಾಕ್ದೆ."