ನಲವತ್ತು ಕ್ರಿಯಾಪದಗಳ ಪಟ್ಟಿ

ಮೂವತ್ತೊಂದು ವರ್ಷ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಶೃಂಗೇರಿಯಲ್ಲಿ ಶುರು, ಎನ್.ಆರ್.ಪುರದಲ್ಲಿ ನಡುಗಾಲ, ಕೊಪ್ಪದಲ್ಲಿ ನಿವೃತ್ತಿ. ಮೂರೂ ಊರಿನ ಮಕ್ಕಳು ದೂರದಿಂದ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಅದನ್ನು ನಾನು ಗೌರವ ಎಂದುಕೊಂಡಿದ್ದೆ. ನನ್ನ ಹತ್ತಿರ ಒಂದು ಪಟ್ಟಿ ಇತ್ತು: ಪುಟ್ ಆನ್, ಪುಟ್ ಆಫ್, ಲುಕ್ ಆಫ್ಟರ್, ಗಿವ್ ಅಪ್ ಎಂದು ನಲವತ್ತು ಜೋಡಿ, ಎದುರಿಗೆ ಕನ್ನಡ ಅರ್ಥ. ನನ್ನ ಕೈಗೆ ಸಿಕ್ಕ ಮಕ್ಕಳೆಲ್ಲ ಅದನ್ನು ಬಾಯಿಪಾಠ ಮಾಡಲೇಬೇಕು. ಪುಟ್ ಎಂದರೆ ಇಡು ಆದಮೇಲೆ ಪುಟ್ ಆಫ್ ಎಂದರೆ ಮುಂದೂಡು ಹೇಗಾಯಿತು ಎಂದು ಯಾರಾದರೂ ಕೇಳಿದರೆ, "ಹೋಗಿ ಇಂಗ್ಲಿಷರನ್ನು ಕೇಳು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನನಗೂ ಗೊತ್ತಿರಲಿಲ್ಲ, ಅಷ್ಟೆ.

ನಿವೃತ್ತನಾಗಿ ಕೆಲವು ವರ್ಷಗಳಾದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಒಬ್ಬ ಹೆಂಗಸು ಕೊಪ್ಪದ ನನ್ನ ಮನೆ ಹುಡುಕಿಕೊಂಡು ಬಂದಳು. ನಲವತ್ತರ ಹತ್ತಿರದ ವಯಸ್ಸು. ಎನ್.ಆರ್.ಪುರದ ಹತ್ತಿರದ ಕಡಹಿನಬೈಲಿನ ಅಂಗನವಾಡಿಯಲ್ಲಿ ಸಹಾಯಕಿ. ಅಡುಗೆ ಮಾಡುವುದು, ಗುಡಿಸುವುದು, ಮಕ್ಕಳ ಮೂಗು ಒರೆಸುವುದು ಅವಳ ಕೆಲಸ. ಅಲ್ಲಿನ ಕಾರ್ಯಕರ್ತೆ ಮರುವರ್ಷ ನಿವೃತ್ತಿಯಾಗುವವರಿದ್ದರು. ಹತ್ತನೇ ತರಗತಿ ಪಾಸಾದರೆ ಆ ಜಾಗ ಇವಳಿಗೆ ಸಿಗುತ್ತದೆ ಎಂದು ಹೇಳಿದ್ದರಂತೆ. ಖಾಸಗಿಯಾಗಿ ಪರೀಕ್ಷೆ ಕಟ್ಟಿ ಉಳಿದ ವಿಷಯಗಳನ್ನೆಲ್ಲ ದಾಟಿದ್ದಳು. ಇಂಗ್ಲಿಷ್ ಮಾತ್ರ ಎರಡು ಸಲ ಕೈಕೊಟ್ಟಿತ್ತು, ಎರಡನೆಯ ಸಲ ನಾಲ್ಕೇ ಅಂಕಕ್ಕೆ.

"ಇದೇ ಕೊನೆ ಸಲ ಸರ್. ಈ ಸಲ ಆಗ್ಲಿಲ್ಲ ಅಂದ್ರೆ ಆ ಜಾಗಕ್ಕೆ ಬೇರೆಯವರು ಬರ್ತಾರೆ. ಆಮೇಲೆ ಎಂತ ಓದಿ ಎಂತ ಮಾಡೋದು" ಎಂದಳು.

ನಾನು ಪಟ್ಟಿ ತೆಗೆದುಕೊಟ್ಟೆ. ಮೊದಲ ಎರಡು ಶನಿವಾರ ಅವಳ ತಲೆಗೆ ಮೂರು ಜೋಡಿಯೂ ಹತ್ತಲಿಲ್ಲ. ನನ್ನ ಸಿಟ್ಟು ನಿವೃತ್ತಿಯಾಗಿರಲಿಲ್ಲವಲ್ಲ, ಚೆನ್ನಾಗಿಯೇ ಬೈದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ಪಟ್ಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಎನ್.ಆರ್.ಪುರದ ಬಸ್ಸು ಹತ್ತಿದಳು. ಒಂದು ತಿಂಗಳು ಪತ್ತೆಯಿಲ್ಲ. ಬಿಟ್ಟಳು ಎಂದುಕೊಂಡೆ. ಮತ್ತೆ ಬಂದವಳು ಕುಳಿತುಕೊಳ್ಳುವ ಮೊದಲೇ ಮೂವತ್ತು ಜೋಡಿ ಹೇಳಿದಳು. ಅರ್ಥ ಕೇಳಿದರೆ ಬಾಯಿ ತೆರೆಯಲಿಲ್ಲ, ಕೈ ಆಡಿಸಿದಳು. ಪುಟ್ ಆನ್ ಎಂದರೆ ಕಾಲಿಗೆ ಚಪ್ಪಲಿ ಮೆಟ್ಟಿದ ಹಾಗೆ. ಟೇಕ್ ಆಫ್ ಎಂದರೆ ಮಗುವಿನ ತಲೆಯಿಂದ ಟೋಪಿ ಎಳೆದ ಹಾಗೆ. ಇದೆಲ್ಲಿಂದ ಕಲಿತೆ ಎಂದು ಗದರಿದೆ.

"ನಮ್ಮ ಮಕ್ಕಳ ಹತ್ರ ಸರ್. ಒಂದ್ಸಲ ಬಂದು ನೋಡಿ."

ನಂಬಿಕೆಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ತಪ್ಪು ಹಿಡಿಯಲು ಹೋದೆ. ಒಂದು ಮಂಗಳವಾರ ಬೆಳಿಗ್ಗೆ ಬಸ್ಸಿಳಿದು ಅಂಗನವಾಡಿಯ ಬಾಗಿಲಲ್ಲಿ ನಿಂತಾಗ, ಒಳಗೆ ಹನ್ನೆರಡು ಹದಿಮೂರು ಮಕ್ಕಳು ಉಪ್ಪಿಟ್ಟು ಮುಗಿಸಿ ಕೈ ನೆಕ್ಕುತ್ತಿದ್ದವು. ಅವಳು ಒಲೆಯ ಪಕ್ಕದಿಂದ ಎದ್ದು, ಮನೆಮಾತಿನಷ್ಟು ಸಲೀಸಾಗಿ, "ಸ್ಟ್ಯಾಂಡ್ ಅಪ್" ಎಂದಳು. ಎದ್ದವು. "ಪಿಕ್ ಅಪ್." ಎಲ್ಲ ಬಗ್ಗಿ ತಟ್ಟೆ ಎತ್ತಿಕೊಂಡವು. "ಲೈನ್ ಅಪ್." ಒಂದರ ಹಿಂದೆ ಒಂದು ನಿಂತವು. "ಪುಟ್ ಡೌನ್ ಅಲ್ಲ ಮಾರಾಯ, ಪುಟ್ ಅವೇ!" ನೆಲಕ್ಕೆ ಇಡಲು ಹೊರಟಿದ್ದ ಪುಟಾಣಿಯೊಬ್ಬ ಕೈ ತಡೆದು, ನಾಲ್ಕು ಹೆಜ್ಜೆ ನಡೆದು, ತಟ್ಟೆಯನ್ನು ಟಬ್ಬಿಗೆ ಹಾಕಿ ಬಂದ. ಆಮೇಲೆ ತೂಕ ನೋಡುವ ಸರದಿ. ಜೋಳಿಗೆಯಂಥ ತೊಟ್ಟಿಲಿನಲ್ಲಿ ಕೂರಿಸಿದ ಮಗುವಿಗೆ "ಹೋಲ್ಡ್ ಆನ್" ಎಂದಳು, ಅದು ಎರಡೂ ಕೈಯಲ್ಲಿ ಹಗ್ಗ ಬಿಗಿಯಾಗಿ ಹಿಡಿಯಿತು. ಹಿಂದಿನಿಂದ "ನಾನೂ ಬತ್ತೆ, ನಾನೂ ಬತ್ತೆ" ಎಂದು ನುಗ್ಗುತ್ತಿದ್ದ ಕೂಸಿಗೆ "ಟರ್ನ್ ಅರೌಂಡ್" ಎಂದರೆ ಅದು ಒಂದಲ್ಲ, ಮೂರು ಸುತ್ತು ಸುತ್ತಿ ಧೊಪ್ಪನೆ ಕೂತು ನಕ್ಕಿತು.

ಅದೇ ತಟ್ಟೆ, ಅದೇ ಪುಟ್ಟ ಕೈ. ಪುಟ್ ಆದಮೇಲೆ ಬರುವ ಒಂದು ಚೋಟುದ್ದದ ಮಾತು ಬದಲಾದರೆ ಸಾಕು, ಆ ಕೈ ಹೋಗುವ ದಿಕ್ಕೇ ಬದಲಾಗುತ್ತಿತ್ತು. ಅಪ್, ಡೌನ್, ಅವೇ, ಆನ್, ಆಫ್ ಎನ್ನುವುದೆಲ್ಲ ನಾನು ಕಪ್ಪುಹಲಗೆಯ ಮೇಲೆ ಅಡಿಗೆರೆ ಎಳೆದು ತೋರಿಸುತ್ತಿದ್ದ ಒಣ ಅಕ್ಷರಗಳು. ಇಲ್ಲಿ ಅವು ಸೊಂಟ ಬಗ್ಗಿಸುತ್ತಿದ್ದವು, ಕುತ್ತಿಗೆ ತಿರುಗಿಸುತ್ತಿದ್ದವು. ಇನ್ನೂ ಸರಿಯಾಗಿ ಕನ್ನಡವೇ ಬಾರದ ಮೂರು ವರ್ಷದ ಮಕ್ಕಳಿಗೆ ಇದು ತಿಳಿದಿತ್ತು. ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ ತಿಳಿದಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆದರೆ ಆ ಹೊತ್ತಿಗೆ ಆದದ್ದು ಬರೀ ಬೆರಗು.

ಬೆಲ್ಲ, ನೀರು ತಂದಿಟ್ಟು ಅವಳು ಇನ್ನೊಂದು ಮಾತು ಹೇಳಿದಳು.

"ನಮ್ಮಲ್ಲೂ ಹೀಗೇ ಅಲ್ವಾ ಸರ್? ಮಗೂನ ನೋಡು ಅಂದ್ರೆ ಒಂದು, ಮಗೂನ ನೋಡ್ಕೋ ಅಂದ್ರೆ ಇನ್ನೊಂದು. ಆ 'ಕೋ'ನ ನಮಗೆ ಯಾರೂ ಪಟ್ಟಿ ಮಾಡಿ ಕೊಡಲಿಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಹುಚ್ಚನ ಹಾಗೆ ಗೊಣಗುತ್ತಾ ಕೂತಿದ್ದೆ. ಹಾಕು, ಹಾಕಿಕೋ, ಹಾಕಿಬಿಡು. ತೆಗೆ, ತೆಗೆದುಕೋ, ತೆಗೆದುಹಾಕು. ತೆಗೆಯುವುದು ಒಂದು ಕೆಲಸ, ಹಾಕುವುದು ಅದಕ್ಕೆ ಉಲ್ಟಾ ಕೆಲಸ. ಎರಡನ್ನೂ ಸೇರಿಸಿದರೆ ಇರುವುದೇ ಇಲ್ಲವಾಗುತ್ತದೆ! ಅರವತ್ತು ದಾಟುವ ತನಕ ಇಷ್ಟು ದೊಡ್ಡ ಸೋಜಿಗ ನನ್ನ ಬಾಯೊಳಗೇ ಇತ್ತು, ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಕಂಡಕ್ಟರು "ಎಂತ ಮೇಷ್ಟ್ರೇ, ಒಬ್ರೇ ಮಾತಾಡ್ತಾ ಇದೀರಿ?" ಎಂದು ಕೇಳಿದ. ಹೇಳಿದರೆ ಇವನಿಗೆಲ್ಲಿ ಅರ್ಥವಾಗಬೇಕು ಎಂದುಕೊಂಡೆ. ಮರುಕ್ಷಣ ನನಗಿಂತ ಮೊದಲು ಇವನಿಗೇ ಅರ್ಥವಾಗಬಹುದು ಎನ್ನಿಸಿತು.

ಪರೀಕ್ಷೆಗೆ ಮುಂಚಿನ ಶನಿವಾರ ಅವಳಿಗೊಂದು ಟೆಸ್ಟ್ ಕೊಟ್ಟೆ. ಎಲ್ಲ ಸರಿ, ಐದು ಮಾತ್ರ ಖಾಲಿ. ನೋಡಿದರೆ ಗೋ ಅವೇ, ಗೋ ಔಟ್, ಸೆಂಡ್ ಔಟ್, ಹೀಗೆ ಹೋಗುವ, ಕಳಿಸುವ ಮಾತುಗಳೇ ಐದೂ. ಹಿಂದಿನ ಸಲ ಹೋದದ್ದು ನಾಲ್ಕು ಅಂಕಕ್ಕೆ, ಈಗ ಐದು ಬಿಡುತ್ತಾಳಲ್ಲ ಎಂದು ನೆತ್ತಿಗೇರಿತು.

"ಮಕ್ಕಳಿಗೆ ಹೇಳಿ ಹೇಳಿ ತಾನೇ ನಾನು ಕಲ್ತದ್ದು ಸರ್. ಹೋಗು ಅಂತ ಮಕ್ಕಳಿಗೆ ಹೇಳೋದು ಹ್ಯಾಗೆ?" ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಎದ್ದು ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರ್ತೇನೆ ಎನ್ನುತ್ತಾರೆ. ಕಳಿಸಿಕೊಡುವವರೂ ಹೋಗಿ ಬನ್ನಿ ಎಂದೇ ಹೇಳಬೇಕು. ಬರಿದೇ ಹೋಗು ಎನ್ನುವುದು ಬೈಗುಳ. ಅವಳ ಅಂಗನವಾಡಿಯಲ್ಲಿ ಸಂಜೆ ಮನೆಗೆ ಹೊರಟ ಮಕ್ಕಳಿಗೂ "ಕಮ್ ಬ್ಯಾಕ್" ಎಂದೇ ಹೇಳುತ್ತಿದ್ದಳಂತೆ.

"ಪರೀಕ್ಷೆಗೆ ನಿನ್ನ ಶಾಸ್ತ್ರ ಗೊತ್ತಾಗುತ್ತಾ ಮಾರಾಯ್ತಿ? ಹೋಗಲಿ, ಗೆಟ್ ಔಟ್ ಕೂಡ ಗೊತ್ತಿಲ್ವಾ? ದಡ್ಡರಲ್ಲಿ ದಡ್ಡರಿಗೂ ಗೊತ್ತು!"

"ಗೊತ್ತು ಸರ್. ನೀವೇ ಹೇಳಿದ್ದು."

ಸಿಟ್ಟಿಲ್ಲದೆ, ಬೇರೆ ಯಾರದೋ ಕಥೆಯ ಹಾಗೆ ಹೇಳಿದಳು. ಎನ್.ಆರ್.ಪುರದಲ್ಲಿ ಒಂಬತ್ತನೆಯ ತರಗತಿಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಪಟ್ಟಿ ಒಪ್ಪಿಸಲು ಆಗಲಿಲ್ಲವೆಂದು ನಾನು ಗೆಟ್ ಔಟ್ ಅಂದಿದ್ದೆ. ಗಂಟೆ ಹೊಡೆಯುವ ತನಕ ಜಗಲಿಯಲ್ಲಿ ನಿಂತಳು. ಮರುದಿನವೂ ನನ್ನ ಪಿರಿಯಡ್ಡಿಗೆ ಅಲ್ಲೇ ನಿಂತಳು. ಮೂರನೆಯ ದಿನ ಶಾಲೆಗೇ ಬರಲಿಲ್ಲ.

"ಬೈಸ್ಕೊಳ್ಳೋದು ದೊಡ್ಡದಲ್ಲ ಸರ್, ಮನೇಲೂ ಬೈತಿದ್ರು. ಹೋಗು ಅಂದವರು ಬಾ ಅಂತಲೂ ಹೇಳ್ತಾರಲ್ಲ ಅಂತ ಕಾದೆ."

ಆ ಮುಖ ನೆನಪಿಸಿಕೊಳ್ಳಲು ಎಷ್ಟು ತಿಣುಕಿದರೂ ಆಗಲಿಲ್ಲ. ಹಾಗೆ ಎಷ್ಟು ಮಕ್ಕಳಿಗೆ ಅಂದಿದ್ದೇನೋ, ಯಾರ ಲೆಕ್ಕವೂ ನನ್ನ ಹತ್ತಿರ ಇಲ್ಲ. ಮತ್ತೆ ನನ್ನ ಹತ್ತಿರವೇ ಯಾಕೆ ಬಂದೆ ಎಂದು ಕೇಳಿದೆ. "ನಮ್ಮ ಕಡೆ ಇಂಗ್ಲಿಷ್ ಮೇಷ್ಟ್ರು ಅಂದ್ರೆ ನೀವೇ ಅಲ್ವಾ" ಎಂದಳು. ನಾನು ತಪ್ಪಾಯಿತು ಎಂದೆ. ಜೀವಮಾನದಲ್ಲಿ ಒಬ್ಬ ವಿದ್ಯಾರ್ಥಿಗೂ ಹೇಳದ ಮಾತು ಅದು. ಅವಳೇ ಮುಜುಗರಪಟ್ಟು "ಅಯ್ಯೋ, ಬಿಡಿ ಸರ್" ಎಂದು ಪುಸ್ತಕ ತೆರೆದಳು.

ಅವಳು ಪಾಸಾದಳು. ಈಗ ಕಡಹಿನಬೈಲಿನ ಅಂಗನವಾಡಿಯ ಕಾರ್ಯಕರ್ತೆ ಅವಳೇ. ಆದರೆ ಫಲಿತಾಂಶ ಬಂದ ದಿನಕ್ಕಿಂತ ಪರೀಕ್ಷೆಯ ದಿನವೇ ನನಗೆ ಹೆಚ್ಚು ನೆನಪು. ತಡೆಯಲಾರದೆ ಎನ್.ಆರ್.ಪುರಕ್ಕೆ ಹೋಗಿ ಗೇಟಿನ ಹೊರಗೆ, ಮಕ್ಕಳ ತಂದೆತಾಯಿಯರ ನಡುವೆ ಮೂರು ಗಂಟೆ ಕಾದಿದ್ದೆ. ಅವಳು ಹೊರಗೆ ಬಂದ ಕೂಡಲೇ, ಆ ಐದರಲ್ಲಿ ಯಾವುದಾದರೂ ಬಂದಿತ್ತಾ, ಬರೆದೆಯಾ ಎಂದು ಕೇಳಿದೆ.

"ಎರಡು ಬಂದಿತ್ತು, ಬರೆದೆ ಸರ್" ಎಂದಳು. "ಕಾಗದದ ಮೇಲೆ ತಾನೇ? ಯಾರೂ ಎದ್ದು ಹೋಗಲ್ವಲ್ಲ."