ಸ್ವಂತ ಇಚ್ಛೆಯಿಂದ

ಕ್ವಾರ್ನ್‌ಸೆಲೆ ಶಾಲೆಯ ಅಡುಗೆಮನೆಯಲ್ಲಿ ಇಂಗೆಗೆರ್ಡ್ ಸುಂಡೆಲಿನ್ ಇಪ್ಪತ್ತೆರಡು ವರ್ಷ ಸೌಟು ಹಿಡಿದವಳು. ದಿನಕ್ಕೆ ಮುನ್ನೂರಿಪ್ಪತ್ತು ಮಕ್ಕಳ ಊಟ. ಯಾವ ಮಗುವಿಗೆ ಹಾಲು ಆಗದು, ಯಾವುದಕ್ಕೆ ಮೀನು ಆಗದು ಎಂಬುದನ್ನು ಪಟ್ಟಿ ನೋಡದೆ ಹೇಳುತ್ತಿದ್ದಳು. ಉತ್ತರ ಸ್ವೀಡನ್ನಿನ ಆ ಸಣ್ಣ ಊರಿನಲ್ಲಿ ಮೂವತ್ತರ ಒಳಗಿನವರೆಲ್ಲ ಅವಳ ಗುರುವಾರದ ಬಟಾಣಿ ಸೂಪು ಕುಡಿದೇ ಬೆಳೆದವರು.

ಬೇಸಿಗೆಯ ಕೊನೆಗೆ ಅವಳ ನಾಲಿಗೆಯ ಬುಡದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕ್ಯಾನ್ಸರ್. ಮುಖಕ್ಕೆ ಜಾಲರಿಯ ಮುಖವಾಡ ಬಿಗಿದು, ತಲೆ ಅಲುಗದಂತೆ ಮೇಜಿಗೆ ಸೇರಿಸಿ, ಮೂವತ್ತೈದು ಸಲ ವಿಕಿರಣ ಕೊಟ್ಟರು. ಗಂಟಲು ಸುಟ್ಟು ಹೋಗಿ ಎರಡು ತಿಂಗಳು ಹೊಟ್ಟೆಗೆ ಹಾಕಿದ ಕೊಳವೆಯಲ್ಲೇ ಊಟ. ಗಡ್ಡೆ ಕರಗಿತು. ಉಳಿದದ್ದು ಒಣಗಿದ ಬಾಯಿ, ಪಕ್ಕದಲ್ಲಿ ಸದಾ ಒಂದು ನೀರಿನ ಬಾಟಲಿ. ಉಪ್ಪು ಮಂಕಾಗಿ ತಿಳಿಯುತ್ತಿತ್ತು, ಸಿಹಿಯಂತೂ ತಿಳಿಯುತ್ತಲೇ ಇರಲಿಲ್ಲ. ಮಾರ್ಚಿನಿಂದ ಅರ್ಧ ದಿನ ಕೆಲಸ ಮಾಡಬಹುದು ಎಂದು ಡಾಕ್ಟರು ಬರೆದುಕೊಟ್ಟರು.

ಮೊದಲ ದಿನ ಹೂಗುಚ್ಛ ಹಿಡಿದು ಬಾಗಿಲಲ್ಲೇ ನಿಂತಿದ್ದವಳು ಪೆರ್ನಿಲ್ಲಾ, ಊರಿನ ಶಾಲೆಗಳ ಅಡುಗೆಮನೆಗಳಿಗೆಲ್ಲ ಮೇಲ್ವಿಚಾರಕಿ. ಕೇಕ್ ಕೂಡ ಇತ್ತು. ಕೇಕ್ ನುಂಗಲಾರದವಳ ಮುಂದೆ ಕೇಕಿಟ್ಟು ಎಲ್ಲರೂ ಕಾಫಿ ಕುಡಿದರು.

"ನಿಂಗೆ ಒತ್ತಡ ಆಗ್ಬಾರ್ದು ಅಂತ ನಾವೆಲ್ಲ ಕೂತು ಯೋಚನೆ ಮಾಡಿದ್ವಿ," ಎಂದಳು ಪೆರ್ನಿಲ್ಲಾ, ಮಗುವಿಗೆ ಹೇಳುವಂತೆ. "ಇನ್ಮೇಲೆ ನೀನು ಪಾತ್ರೆ ತೊಳೆಯೋ ಕಡೆ ಇರು. ಮೆಷಿನ್ ಇದೆಯಲ್ಲ, ಆರಾಮು."

"ನಾನಿಲ್ದೆ ಯೋಚನೆ ಮಾಡಿದ್ರಾ?"

"ನಿನಗೋಸ್ಕರನೇ ಅಲ್ವೇನೇ."

ಇಂಗೆಗೆರ್ಡ್ ಒಲೆಯ ಕಡೆ ನೋಡಿದಳು. ಅವಳ ಜಾಗದಲ್ಲಿ ಬದಲಿಗೆ ಬಂದ ಹೆಂಗಸೊಬ್ಬಳು ತಲೆ ತಗ್ಗಿಸಿಕೊಂಡು ಕ್ಯಾರೆಟ್ ಹೆಚ್ಚುತ್ತಿದ್ದಳು. ಪೆರ್ನಿಲ್ಲಾ ಒಂದು ಹಾಳೆ ಚಾಚಿದಳು. "ಇಲ್ಲೊಂದು ಸಹಿ ಹಾಕ್ಬಿಡು. ಬರೀ ಕಚೇರಿ ಲೆಕ್ಕಕ್ಕೆ."

ಇಂಗೆಗೆರ್ಡ್ ಕನ್ನಡಕ ಏರಿಸಿ ಓದಿದಳು. ಸದರಿ ಉದ್ಯೋಗಿ ತನ್ನ ಸ್ವಂತ ಇಚ್ಛೆಯಿಂದ ಅಡುಗೆ ಹುದ್ದೆ ಬಿಟ್ಟು ಬೇರೆ ಕೆಲಸ ಕೋರಿದ್ದಾಳೆ ಎಂದಿತ್ತು. ಕೋರಿದ ತಾರೀಕು ನವೆಂಬರ್ ಹದಿನಾಲ್ಕು.

ನವೆಂಬರಿನ ಆ ವಾರ, ಚಿಕಿತ್ಸೆಯ ನಡುವೆ, ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಬೇಕಾದ್ದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದಳು: ನೀರು, ದಿಂಬು, ಕಿಟಕಿ ತೆಗೆ. ಈಗ ಇಂಗೆಗೆರ್ಡ್ ಆ ಸಾಲನ್ನು ಇನ್ನೊಮ್ಮೆ ಓದಿದಳು. ಅಳು ಬರಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಏಪ್ರನ್ ಜೇಬಿಗೆ ಸೇರಿಸಿದಳು.

"ಅದು ಕಚೇರಿಗೆ ಬೇಕು," ಎಂದಳು ಪೆರ್ನಿಲ್ಲಾ.

"ನಂಗೂ ಬೇಕು."

ಸಂಜೆ ಬಸ್ ನಿಲ್ದಾಣದಲ್ಲಿ ಮಿರಿಯಾ ಪಕ್ಕದಲ್ಲಿ ಬಂದು ನಿಂತಳು. ಹದಿನೈದು ವರ್ಷ ಜೊತೆಗೆ ದುಡಿದವಳು, ಮೂಲ ಫಿನ್ಲೆಂಡ್. "ನಂಗೆ ಗೊತ್ತಿತ್ತು ಕಣೇ. ನಿನ್ನ ಜಾಗಕ್ಕೆ ಬಂದ ಹೆಂಗಸಿಗೆ ಡಿಸೆಂಬರ್‌ನಲ್ಲೇ ಕೆಲಸ ಕಾಯಂ ಮಾಡಿದ್ರು. ನೀನು ಮಲಗಿದ್ದಾಗ ಹೆಂಗೆ ಹೇಳ್ಲಿ?"

"ಎದ್ದು ಕೂತ ಮೇಲೆ ಹೇಳ್ಬಹುದಿತ್ತು," ಎಂದಳು ಇಂಗೆಗೆರ್ಡ್. "ಎರಡು ಸಲ ಮನೆಗೆ ಬಂದೆ. ಪರದೆ ಬಣ್ಣದ ಬಗ್ಗೆ ಮಾತಾಡಿ ಹೋದೆ."

ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಮರುವಾರ ಆ ಹಾಳೆಯ ವಿಷಯವಾಗಿ ಕಚೇರಿಯಲ್ಲಿ ಸಭೆ. ಇಂಗೆಗೆರ್ಡ್ ಜೊತೆಗೆ ಕಾರ್ಮಿಕ ಸಂಘದ ರೂನೆ ಬಂದಿದ್ದ, ಮೆಲ್ಲಗೆ ಮಾತಾಡುವ ಆಜಾನುಬಾಹು. ಪೆರ್ನಿಲ್ಲಾ ಮೊದಲೇ ಶುರುಮಾಡಿದಳು. "ರುಚಿ ಗೊತ್ತಾಗ್ದೇ ಇರೋರು ಅಡುಗೆ ಹೆಂಗೆ ಮಾಡ್ತಾರೆ? ಮಕ್ಕಳ ವಿಷಯ ಇದು."

"ನನಗಿಂತ ಮುಂಚೆ ಇದ್ದ ಬೆಂಗ್ಟ್ ಮೂರು ಹೊತ್ತೂ ತುಟಿ ಕೆಳಗೆ ತಂಬಾಕು ಇಟ್ಕೋತಿದ್ದ," ಎಂದಳು ಇಂಗೆಗೆರ್ಡ್. "ಅವನಿಗೆ ಉಪ್ಪೂ ಒಂದೇ, ಸೋಪೂ ಒಂದೇ. ಅವನನ್ನ ಯಾರೂ ಪಾತ್ರೆ ತೊಳೆಯೋಕೆ ಕಳಿಸ್ಲಿಲ್ಲ. ಉಪ್ಪನ್ನ ನಾನು ತೂಕ ಹಾಕಿ ಹಾಕ್ತೀನಿ. ನಾಲಗೆ ಬೇಕಾದ್ರೆ ಅಡುಗೆಮನೆಯಲ್ಲಿ ಇನ್ನೂ ಮೂರು ನಾಲಗೆ ಇದೆ. ನೀವು ಒಂದ್ಸಲ ಕೇಳಿದ್ರೆ ಇದನ್ನೇ ಹೇಳ್ತಿದ್ದೆ."

ಸಾಕ್ಷಿಗೆ ಕರೆದಿದ್ದ ಮಿರಿಯಾ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು. ಅವಳು ಎದ್ದು ನಿಂತಳು. "ರುಚಿ ನಾನು ನೋಡ್ತೀನಿ," ಎಂದಳು. "ಮತ್ತೆ ನವೆಂಬರ್ ಸಭೆಯಲ್ಲಿ ನಾನೂ ಇದ್ದೆ. ಇಂಗೆಗೆರ್ಡ್ ಏನೂ ಕೋರಿರ್ಲಿಲ್ಲ. ಅವಳ ಹೆಸರಲ್ಲಿ ಬರೆದ್ರೆ ಸುಲಭ ಅಂತ ಪೆರ್ನಿಲ್ಲಾನೇ ಅಂದಿದ್ದು."

ಪೆರ್ನಿಲ್ಲಾಳ ಕತ್ತು ಕೆಂಪಾಯಿತು. "ಅದು ನಮೂನೆಯಲ್ಲೇ ಇರೋ ವಾಕ್ಯ," ಎಂದಳು.

ರೂನೆ ಆಸ್ಪತ್ರೆಯ ಕಾಗದವನ್ನು ಮೇಜಿನ ಮೇಲೆ ಸರಿಸಿದ. "ಹದಿನಾಲ್ಕನೇ ತಾರೀಕು ಬೆಳಿಗ್ಗೆ ಇಪ್ಪತ್ತೊಂಬತ್ತನೇ ಸಲ ವಿಕಿರಣ. ಈಯಮ್ಮ ಆವತ್ತು ಏನು ಕೋರಿದ್ಲು, ಯಾವ ಬಾಯಲ್ಲಿ ಕೋರಿದ್ಲು, ಸ್ವಲ್ಪ ಹೇಳ್ತೀಯಾ ಪೆರ್ನಿಲ್ಲಾ?"

ಪೆರ್ನಿಲ್ಲಾ ತನ್ನ ಕಾಗದಗಳನ್ನು ಜೋಡಿಸಿಕೊಂಡು ಎದ್ದಳು. ಏಪ್ರಿಲ್ ಮೊದಲ ವಾರ ಇಂಗೆಗೆರ್ಡ್ ಒಲೆಗೆ ಮರಳಿದಳು, ಅರ್ಧ ದಿನ. ಉಳಿದರ್ಧ ಆ ಹೆಂಗಸಿನದು. ಅವಳ ತಪ್ಪೇನಿತ್ತು ಇದರಲ್ಲಿ, ಇಬ್ಬರೂ ಹೊಂದಿಕೊಂಡರು. ತಪ್ಪು ತಿಳಿವಳಿಕೆ ಆಗಿದ್ದಕ್ಕೆ ವಿಷಾದವಿದೆ ಎಂದು ಕಚೇರಿಯಿಂದ ಎರಡು ಸಾಲಿನ ಪತ್ರ ಬಂತು. ತಪ್ಪು ತಿಳಿದುಕೊಂಡವರು ಯಾರು ಎಂದು ಕೇಳಿ ಇಂಗೆಗೆರ್ಡ್ ವಾಪಸು ಬರೆದಳು. ಉತ್ತರ ಬರಲಿಲ್ಲ. ತಿಂಗಳು ಬಿಟ್ಟು ಮತ್ತೆ ಬರೆದಳು. ಪೆರ್ನಿಲ್ಲಾಳನ್ನು ಅವಳು ಈವರೆಗೂ ಕ್ಷಮಿಸಿಲ್ಲ, ಕ್ಷಮಿಸುವ ಆತುರವೂ ಅವಳಿಗಿಲ್ಲ. ಮಿರಿಯಾ ಜೊತೆ ಮಾತ್ರ ಮೇ ತಿಂಗಳಿನಿಂದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತಾಳೆ.

ಶರತ್ಕಾಲದಲ್ಲಿ ಪಕ್ಕದ ಊರಿನ ವೃದ್ಧಾಶ್ರಮದಿಂದ ಒಂದು ಫೋನ್ ಬಂತು. ಅಲ್ಲಿ ಆರೈಕೆಯ ಕೆಲಸದ ಸೋಲ್‌ವೇಯ್ಗ್ ಎಂಬಾಕೆ. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಆ ಸೋಮವಾರವಷ್ಟೇ ಕೆಲಸಕ್ಕೆ ಬಂದವಳು. ಇಂಗೆಗೆರ್ಡಳ ಹಾಳೆಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. "ನಂಗೂ ಒಂದು ಕಾಗದ ಕೊಟ್ಟಿದಾರೆ ಇಂಗೆಗೆರ್ಡ್. ನಾಳೆಯೊಳಗೆ ಸಹಿ ಹಾಕು ಅಂತಿದಾರೆ. ತುಂಬಾ ಒಳ್ಳೆಯವರು, ಹೂವೆಲ್ಲ ತಂದಿದ್ರು."

"ಹೂವು ಇಟ್ಕೋ," ಎಂದಳು ಇಂಗೆಗೆರ್ಡ್. "ಸಹಿ ಹಾಕ್ಬೇಡ. ಬೆಳಿಗ್ಗೆ ಎಷ್ಟು ಗಂಟೆಗೆ ಹೋಗ್ತೀಯ ನೀನು?"

ಫೋನ್ ಇಟ್ಟವಳೇ ರೂನೆಯ ನಂಬರು ಒತ್ತಿದಳು.