ಸೀಮೆಸುಣ್ಣದ ಹನ್ನೆರಡನೇ ಸುತ್ತು

ಗೋಪುರವಿಲ್ಲ, ಕಮಾನಿಲ್ಲ, ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲ. ಮಡಿಸಿ ಬಿಚ್ಚಿದ ಕಾಗದದಂತೆ ನೆರಿಗೆ ನೆರಿಗೆಯಾದ ಕಾಂಕ್ರೀಟ್ ಚಾವಣಿ, ಸಂದಿಗಳಿಂದ ಇಳಿಯುವ ಬೆಳಕು, ಅಬ್ಬಾ, ಆ ಪ್ರಾರ್ಥನಾ ಮಂದಿರವೆಂದರೆ ಇಷ್ಟೇ! ಅದನ್ನು ಕಾಯುವವನಿಗೆ ಎಲ್ಲರೂ ಇಟ್ಟ ಹೆಸರು ಟಕ್‌ಟಕ್ ತಾತ. ಹದಿನೆಂಟರ ಪ್ರಾಯದಲ್ಲಿ ಇದೇ ಚಾವಣಿಗೆ ಬಾಣಲಿಯಲ್ಲಿ ಕಾಂಕ್ರೀಟ್ ಹೊತ್ತವನು, ಇದರಡಿಯಲ್ಲೇ ಮದುವೆಯಾದವನು. ಈಗ ದಿನಾ ಬೆಳಿಗ್ಗೆ ಉದ್ದನೆಯ ಬಿದಿರು ಕೋಲಿಗೆ ಕಬ್ಬಿಣದ ನಟ್ಟು ಕಟ್ಟಿಕೊಂಡು ಚಾವಣಿಯನ್ನು ಬಡಿದು ಬಡಿದು ಕಿವಿಗೊಡುತ್ತಾನೆ. ‘ಟಣ್’ ಎಂದರೆ ಗಟ್ಟಿ. ‘ಡಬ್’ ಎಂದರೆ ಒಳಗಿನ ಕಂಬಿ ತುಕ್ಕು ಹಿಡಿದು ಪದರ ಬಿಟ್ಟಿದೆ, ಯಾವಾಗ ಬೇಕಾದರೂ ಕಳಚಿ ಬಿದ್ದೀತು. ಕೋಲಿನ ತುದಿಗೆ ಸೀಮೆಸುಣ್ಣ ಸಿಕ್ಕಿಸಿ ಅದರ ಸುತ್ತ ಗೆರೆ ಎಳೆಯುತ್ತಾನೆ.

ಹನ್ನೊಂದು ಟೊಳ್ಳುಗಳನ್ನು ಮೇಸ್ತ್ರಿ ಕಿತ್ತು ತುಂಬಿದ್ದ, ಗೆರೆಗಳು ಉಳಿದಿದ್ದವು. “ಇನ್ನೊಂದು ಸಿಕ್ಕಿದ್ರೆ ಬಾಗಿಲು ಹಾಕಿ ಕೆಡವಿಸೋದೇ,” ಎಂದಿದ್ದ ಮಂದಿರದ ಕಾರ್ಯದರ್ಶಿ.

ಈ ಬೆಳಿಗ್ಗೆ ನಟ್ಟನಡುವೆ ‘ಡಬ್’ ಎಂದಿತು. ತಾತ ಅಭ್ಯಾಸಬಲದಿಂದ ಗೆರೆ ಎಳೆದ, ಕಾರ್ಯದರ್ಶಿಗೆ ಮಾತ್ರ ತಿಳಿಸಲಿಲ್ಲ.

ಅಷ್ಟರಲ್ಲಿ ಆರ್ಕಿಟೆಕ್ಚರ್ ಕಾಲೇಜಿನ ಬಸ್ಸು! ಮೂವತ್ತು ಹುಡುಗ ಹುಡುಗಿಯರು ಗುಯ್‌ಗುಟ್ಟುತ್ತಾ ನುಗ್ಗಿದರು.

“ಆ ವೃತ್ತಗಳನ್ನ ನೋಡಿ! ಯಾಕೆ ಸಮ ದೂರದಲ್ಲಿಲ್ಲ?” ಎಂದರು ಪ್ರೊಫೆಸರು.

“ನಕ್ಷತ್ರ, ಸರ್!” ಹುಡುಗನೊಬ್ಬ ಕೂಗಿದ.

“ಕರೆಕ್ಟ್! ಎಲ್ಲರೂ ಸ್ಕೆಚ್ ಮಾಡಿ.”

ಕನ್ನಡಕದ ಹುಡುಗಿಯೊಬ್ಬಳು ಹೊಸ ಗೆರೆಯ ಕೆಳಗೇ ಅಂಗಾತ ಮಲಗಿ ಬರೆಯತೊಡಗಿದಳು. ತಾತ ಕೋಲು ಹಿಡಿದೇ ಅವಳ ಬಳಿ ಬಂದ. ಹೇಳಿದರೆ ಮಂದಿರ ಹೋಯಿತು. ಹೇಳದಿದ್ದರೆ?

“ಅಮ್ಮಾ, ಆ ಮೂಲೇಲಿ ಬೆಳಕು ಚೆನ್ನಾಗಿದೆ.”

“ಇಲ್ಲೇ ಸೂಪರ್ ತಾತ! ಐದೇ ನಿಮಿಷ.”

ಅವಳ ಪಕ್ಕ ಇನ್ನೂ ನಾಲ್ವರು ಬಂದು ಮಲಗಿದರು. ತಾತ ಪೊರಕೆ ತಂದ. “ಕಸ ಗುಡಿಸ್ಬೇಕು, ಏಳಿ.”

“ಏಯ್, ತಾತ ನಮ್ಮನ್ನೇ ಗುಡಿಸಿ ಎಸೀತಾರೆ ಕಣ್ರೋ!”

ನಕ್ಕರು. ಆ ನಗುವಿನ ನಡುವೆ ಹುಡುಗಿಯ ಕಾಗದದ ಮೇಲೆ ಚಿಟಿಕೆಯಷ್ಟು ಪುಡಿ ಉದುರಿತು. ಅವಳು ಉಫ್ ಎಂದು ಊದಿ ಮತ್ತೆ ಬರೆದಳು.

ತಾತ ಪೊರಕೆ ಎಸೆದ. “ಏಳೀ! ಎಲ್ರೂ ಆಚೆ ಹೋಗಿ!” ಎಂದು ಕಿರುಚಿದ, ಅವಳ ರಟ್ಟೆ ಹಿಡಿದು ಎಳೆದೇಬಿಟ್ಟ.

“ಏನ್ ಮಾಡ್ತಿದೀರಿ ಯಜಮಾನ್ರೇ?” ಪ್ರೊಫೆಸರು ಕೆಂಪಾದರು.

“ನಕ್ಷತ್ರ ಅಲ್ಲ ಸಾರ್ ಅದು. ಸೀಮೆಸುಣ್ಣ. ನಾನೇ ಬರ್ದಿದ್ದು. ಅಲ್ಲಿ ಟೊಳ್ಳಾಗಿದೆ, ಬೀಳತ್ತೆ.”

ಪ್ರೊಫೆಸರು ಅವನ ಕೋಲನ್ನು ತೆಗೆದುಕೊಂಡು ದೂರದಿಂದಲೇ ಚಾಚಿ ಮೆಲ್ಲಗೆ ತಟ್ಟಿದರು. ಡಬ್. ಅಂಗೈಯಷ್ಟು ಚೂರು ಕಳಚಿ, ಹುಡುಗಿ ಬಿಟ್ಟು ಬಂದಿದ್ದ ಸ್ಕೆಚ್ ಪುಸ್ತಕದ ಮೇಲೆ ಬಿತ್ತು. ಎಲ್ಲರೂ ಒಬ್ಬರ ಹಿಂದೊಬ್ಬರು ಗೋಡೆ ಹಿಡಿದೇ ಹೊರಬಂದರು.

ತಾತ ಬೀಗ ಹಾಕುವಾಗ ಹುಡುಗಿ ಚಿಲಕ ಹಿಡಿದುಕೊಂಡಳು.

“ತಾತ, ದಿನಾ ಬಡಿಯೋವಾಗ ನೀವು ಎಲ್ಲಿ ನಿಂತ್ಕೋತೀರಿ?”

“ಕೆಳಗೇ ಕಣಮ್ಮಾ. ಇನ್ನೆಲ್ಲಿ?”

ಹಾಗೆಂದವನು ತನ್ನ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಮೆಟ್ಟಿಲ ಮೇಲೆ ಕೂತು ಕಾರ್ಯದರ್ಶಿಗೆ ಫೋನ್ ಹಚ್ಚಿದ.

“ಸಾರ್, ಹನ್ನೆರಡನೇದು ಸಿಕ್ಕಿದೆ. ಬಾಗಿಲು ನಾನೇ ಹಾಕಿದೀನಿ.”